ಸಿಸ್ಕೊ ಯುಸಿಎಸ್ ಮ್ಯಾನೇಜರ್‌ನ ಸರ್ವಿಸ್ ಪ್ರೊಫೈಲ್ ಟೆಂಪ್ಲೇಟ್: ಒಂದು ವಿಮರ್ಶೆ

ಸಿಸ್ಕೊ 2009ರಲ್ಲಿ ಪರಿಚಯಿಸಿದ ಯುಸಿಎಸ್ ಎಂಬ ಸರ್ವರ್ ವ್ಯವಸ್ಥೆಯ (ಅದನ್ನು ನಿರ್ವಹಿಸುವ ತಂತ್ರಾಂಶವೇ ಯುಸಿಎಸ್ ಮ್ಯಾನೇಜರ್) ಹೆಚ್ಚುಗಾರಿಕೆ, ನನ್ನ ದೃಷ್ಟಿಯಲ್ಲಿ, ಅದರ ಯಂತ್ರಾಂಶಕ್ಕಿಂತ ಸರ್ವಿಸ್ ಪ್ರೊಫೈಲ್ ಎಂಬ ಕಲ್ಪನೆಯಲ್ಲಿದೆ. ಸರ್ವರ್‌ನ ಯುಯುಐಡಿ (ಅನನ್ಯ ಗುರುತುಸಂಖ್ಯೆ), ಮ್ಯಾಕ್ ವಿಳಾಸ (ಜಾಲದಲ್ಲಿನ ಗುರುತು), ಬೂಟ್ ಕ್ರಮ, ಬಯೋಸ್ (ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಹಾಗೂ ಫರ್ಮ್‌ವೇರ್ ನೀತಿಗಳನ್ನು ಬ್ಲೇಡ್‌ನಿಂದ (ಚೌಕಟ್ಟಿಗೆ ತೂರಿಸುವ ತೆಳು ಸರ್ವರ್) ಬೇರ್ಪಡಿಸಿ ಪ್ರೊಫೈಲ್‌ನಲ್ಲಿ ಇರಿಸುವುದರಿಂದ, ಒಂದು ಬ್ಲೇಡ್ ಕೆಟ್ಟರೆ ಅದರ ಗುರುತನ್ನೇ ಮತ್ತೊಂದಕ್ಕೆ ತೊಡಿಸಬಹುದು. ಸ್ಯಾನ್‌ನಿಂದ (ಜಾಲದ ಮೂಲಕ ಸಿಗುವ ಹಂಚಿಕೆಯ ಸಂಗ್ರಹಣೆ) ಬೂಟ್ ಆಗುವ ಸರ್ವರ್‌ಗಳಿಗಂತೂ ಇದು ವರದಾನ. ಪ್ರೊಫೈಲ್‌ಗಳನ್ನು ತಯಾರಿಸುವ ಅಚ್ಚುಗಳಾದ ಟೆಂಪ್ಲೇಟ್‌ಗಳಲ್ಲಿ ಎರಡು ಬಗೆ. ‘ಇನಿಷಿಯಲ್’ ಎಂಬುದು ಪ್ರೊಫೈಲನ್ನು ಹುಟ್ಟಿಸಿ ನಂಟು ಕಡಿದುಕೊಳ್ಳುತ್ತದೆ. ‘ಅಪ್‌ಡೇಟಿಂಗ್’ ನಂಟು ಉಳಿಸಿಕೊಂಡು, ತನ್ನಲ್ಲಾದ ಬದಲಾವಣೆಯನ್ನು ತನಗೆ ಬೆಸೆದ ಪ್ರೊಫೈಲ್‌ಗಳಿಗೆಲ್ಲ ಹರಡುತ್ತದೆ. ಎರಡನೆಯದು ಅನುಕೂಲಕರವಾದಷ್ಟೇ ಅಪಾಯಕಾರಿ (ಅವಸರದ ಕೈಗೆ ಇದನ್ನು ಕೊಡಲಾಗದು): ಬದಲಾವಣೆ ಯಾವಾಗ ಜಾರಿಯಾಗಬೇಕೆಂದು ಹೇಳುವ ಮೇಂಟೆನೆನ್ಸ್ ಪಾಲಿಸಿಯನ್ನು ‘ಯೂಸರ್ ಆ್ಯಕ್’ಗೆ (ಬಳಕೆದಾರರು ಒಪ್ಪಿದ ಮೇಲೆ) ಬದಲಿಸದೆ ‘ಇಮ್ಮೀಡಿಯೇಟ್’ (ತಕ್ಷಣ) ಎಂದೇ ಬಿಟ್ಟರೆ, ಬಯೋಸ್‌ನ ಸಣ್ಣ ತಿದ್ದುಪಡಿಯೂ ಚಾಲ್ತಿಯಲ್ಲಿರುವ ಸರ್ವರ್‌ಗಳನ್ನು ಒಟ್ಟಿಗೇ ರೀಬೂಟ್ ಮಾಡಿಸಬಲ್ಲದು. ಪೂಲ್ (ಹಂಚಲು ಇರಿಸಿದ ಗುರುತುಗಳ ಸಂಗ್ರಹ) ಮತ್ತು ಪಾಲಿಸಿಗಳ ಪರದೆಗಳು ಹೊಸಬರನ್ನು ದಿಕ್ಕುತಪ್ಪಿಸುತ್ತವೆ.