ರಸ್ತೆಯಲ್ಲಿ ನಾಲ್ಕು ತಿಂಗಳು, ಉಪನಗರ ರೈಲಿನಲ್ಲಿ ನಾಲ್ಕು ತಿಂಗಳು

ನನ್ನ ಮನೆಯಿಂದ ಕಚೇರಿಗೆ 26 ಕಿಲೋಮೀಟರ್. ಈ ದೂರವನ್ನು ಮೊದಲ ನಾಲ್ಕು ತಿಂಗಳು ಕಾರಿನಲ್ಲಿಯೂ ಅನಂತರದ ನಾಲ್ಕು ತಿಂಗಳು ಉಪನಗರ ರೈಲಿನಲ್ಲಿಯೂ ಕ್ರಮಿಸಿ, ಪ್ರತಿದಿನ ಮನೆಯ ಬಾಗಿಲು ಹಾಕಿದ ಹೊತ್ತನ್ನೂ ಕಚೇರಿಯ ಮೆಟ್ಟಿಲು ಹತ್ತಿದ ಹೊತ್ತನ್ನೂ ಬರೆದಿಟ್ಟೆ. ನಗರದ ಹಣ ರಸ್ತೆಗೆ ಹೋಗಬೇಕೇ, ಹಳಿಗೆ ಹೋಗಬೇಕೇ ಎಂಬ ವಾದದಲ್ಲಿ ಎರಡೂ ಕಡೆಯವರು ಸರಾಸರಿ ವೇಗದ ಲೆಕ್ಕವನ್ನೇ ಮುಂದಿಡುತ್ತಾರೆ. ಎಂಟು ತಿಂಗಳ ಬರಹವನ್ನು ತಿರುವಿ ಹಾಕಿದಾಗ ನನ್ನ ಕಣ್ಣಿಗೆ ಬಿದ್ದದ್ದು ಸರಾಸರಿಯಲ್ಲ, ದಿನದಿಂದ ದಿನಕ್ಕೆ ಆಗುತ್ತಿದ್ದ ಏರುಪೇರು.

ಕಾರಿನಲ್ಲಿ ಸಾಮಾನ್ಯವಾಗಿ 65 ನಿಮಿಷ ಬೇಕಾಗುತ್ತಿತ್ತು. ಅತ್ಯಂತ ಸುಗಮವಾದ ದಿನ 42 ನಿಮಿಷದಲ್ಲಿ ತಲುಪಿದ್ದೆ; ಮಳೆ ಸುರಿದು ಒಂದು ಲಾರಿ ಕೆಟ್ಟು ನಿಂತ ದಿನ 115 ನಿಮಿಷ ಹಿಡಿಯಿತು. ರೈಲಿನಲ್ಲಿ, ನಡಿಗೆ ಮತ್ತು ಕಾಯುವಿಕೆ ಎಲ್ಲ ಸೇರಿ, ಸಾಮಾನ್ಯವಾಗಿ 74 ನಿಮಿಷ. ರೈಲು ಸಂಚಾರವೇ ನಿಂತುಹೋದ ಎರಡು ದಿನಗಳನ್ನು ಬಿಟ್ಟರೆ ಒಮ್ಮೆಯೂ 85 ದಾಟಲಿಲ್ಲ. ಮೇಲ್ನೋಟಕ್ಕೆ ಕಾರೇ ಗೆದ್ದಂತೆ ಕಾಣುತ್ತದೆ. ಆದರೆ ತಪ್ಪಿಸಲಾಗದ ಸಭೆಯಿದ್ದ ದಿನ ಕಾರಿನಲ್ಲಿ ಹೊರಡುವಾಗ ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಬೇಕಿತ್ತು, ರೈಲಿಗೆ ಒಂದೂವರೆ ಗಂಟೆ ಸಾಕಿತ್ತು. ಅಂದರೆ ನಿಧಾನದ್ದೆಂದು ನಾನು ತಿಳಿದಿದ್ದ ರೈಲೇ ನನ್ನ ದಿನದಿಂದ ಕಡಿಮೆ ಹೊತ್ತನ್ನು ಕೇಳುತ್ತಿತ್ತು, ಕೇಳಿದ ಹೊತ್ತಿನಲ್ಲಿಯೂ ಅರ್ಧದಷ್ಟನ್ನು ಓದುವುದಕ್ಕೆ ಬಿಟ್ಟುಕೊಡುತ್ತಿತ್ತು.

ಕಾರಿನ ಎರಡನೆಯ ತಿಂಗಳಿನಲ್ಲಿ ನನ್ನ ದಾರಿಯ ಒಂದು ಭಾಗವನ್ನು ಅಗಲಗೊಳಿಸಿ ಸಂಚಾರಕ್ಕೆ ಬಿಟ್ಟರು. ಮೊದಲ ಮೂರು ವಾರ ನಿಜಕ್ಕೂ ಹತ್ತು ನಿಮಿಷ ಉಳಿಯಿತು. ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರಲಿಲ್ಲ. ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ಹೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯ ವಿಸ್ತರಣೆ 2008ರಲ್ಲಿ ಮುಗಿದಾಗ, ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ ಅದರ ಅತಿ ಅಗಲದ ಭಾಗದಲ್ಲಿ 26 ಲೇನ್‌ಗಳಿದ್ದವು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ಉದ್ದವಾಯಿತು. ರಸ್ತೆ ಸಲೀಸಾದಾಗ ಮೊದಲು ಬೇರೆ ಹೊತ್ತಿಗೆ ಹೊರಡುತ್ತಿದ್ದವರು, ಬೇರೆ ದಾರಿ ಹಿಡಿಯುತ್ತಿದ್ದವರು, ಬಸ್ಸಿನಲ್ಲಿ ಹೋಗುತ್ತಿದ್ದವರು ಅದೇ ರಸ್ತೆಗೆ ಬರುತ್ತಾರೆ. ಇನ್ನು ಕೆಲವರು ಅದನ್ನು ನಂಬಿ ಇನ್ನಷ್ಟು ದೂರದಲ್ಲಿ ಮನೆ ಮಾಡುತ್ತಾರೆ. ಅಮೆರಿಕದ ನಗರಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್, ಹೆದ್ದಾರಿಯ ಲೇನ್‌ಗಳು ಹೆಚ್ಚಿದ ಪ್ರಮಾಣದಲ್ಲಿಯೇ ವಾಹನಗಳ ಓಡಾಟವೂ ಹೆಚ್ಚುತ್ತದೆಂದು 2011ರಲ್ಲಿ ತೋರಿಸಿದರು.

ರೈಲಿನ ಪರವಾಗಿ ಮಾತನಾಡುವವರು ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಮರೆಯಬಾರದು: ಸಾರ್ವಜನಿಕ ಸಾರಿಗೆಯನ್ನು ಹೆಚ್ಚಿಸಿದ್ದರಿಂದಲೂ ರಸ್ತೆಯ ಓಡಾಟ ಕಡಿಮೆಯಾಗಿರಲಿಲ್ಲ. ರೈಲಿಗೆ ಹತ್ತಿದವನು ತೆರವು ಮಾಡಿದ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ. ಆದ್ದರಿಂದ ರೈಲು ಬಂದರೆ ರಸ್ತೆ ಖಾಲಿಯಾಗುತ್ತದೆಂದು ಹೇಳಿ ಹಣ ಕೇಳುವುದು ಸರಿಯಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ರಸ್ತೆ ಎಷ್ಟೇ ಕಟ್ಟಿಕೊಂಡಿದ್ದರೂ ಅದರ ಹಂಗಿಲ್ಲದೆ ಲಕ್ಷಾಂತರ ಜನ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ ಎಂಬುದೇ ರೈಲಿನ ನಿಜವಾದ ಬಲ.

ಆ ಬಲದ ಲೆಕ್ಕ ಸರಳವಾಗಿದೆ. ಸಿಗ್ನಲ್‌ಗಳಿಲ್ಲದ ಹೆದ್ದಾರಿಯ ಒಂದು ಲೇನ್‌ನಲ್ಲಿ ಗಂಟೆಗೆ ಸುಮಾರು 2,000 ಕಾರುಗಳು ಸಾಗಬಲ್ಲವು. ಕಾರಿಗೆ ಒಂದೂವರೆ ಜನರೆಂದರೂ 3,000 ಮಂದಿ. 1,500 ಜನರನ್ನು ಹೊತ್ತ ರೈಲು ಐದು ನಿಮಿಷಕ್ಕೊಂದರಂತೆ ಓಡಿದರೆ ಒಂದೇ ಹಳಿಯ ಮೇಲೆ ಗಂಟೆಗೆ 18,000 ಮಂದಿ. ಎಲ್ಲ ಕಡೆ ಹೊಸ ಹಳಿ ಹಾಸಲೇಬೇಕೆಂದೂ ಇಲ್ಲ. ಮ್ಯೂನಿಕ್ ನಗರ 1972ರ ಒಲಿಂಪಿಕ್ಸ್‌ಗೆ ಮುನ್ನ, ಪಶ್ಚಿಮದಿಂದಲೂ ಪೂರ್ವದಿಂದಲೂ ಬಂದು ನಿಲ್ಲುತ್ತಿದ್ದ ಹಳೆಯ ಉಪನಗರ ಮಾರ್ಗಗಳನ್ನು ನಗರದ ನಡುವೆ ಒಂದು ಸುರಂಗದಿಂದ ಜೋಡಿಸಿತು. ಇದ್ದ ಹಳಿಗಳೇ ನಗರವನ್ನು ಅಡ್ಡಹಾಯುವ ಜಾಲವಾದವು. ಅದರ ದೌರ್ಬಲ್ಯವೂ ಅದೇ ಸುರಂಗದಲ್ಲಿದೆ: ಅಲ್ಲಿ ಒಂದು ರೈಲು ನಿಂತರೆ ಬಹುತೇಕ ಎಲ್ಲ ಮಾರ್ಗಗಳೂ ಮುಗ್ಗರಿಸುತ್ತವೆ.

ನನಗೂ ಅಂಥ ಎರಡು ದಿನ ಬಂದವು. ಮೇಲೆ ಲೆಕ್ಕದಿಂದ ಬಿಟ್ಟದ್ದು ಅವನ್ನೇ. ಒಂದು ದಿನ ಸಿಗ್ನಲ್ ಕೆಟ್ಟು ಮೂರು ಗಂಟೆ ಬೋಗಿಯೊಳಗೆ ನಿಂತಿದ್ದೆವು, ಕಾರಣವನ್ನು ಯಾರೂ ತಿಳಿಸಲಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಮಧ್ಯಾಹ್ನ ಮತ್ತು ರಾತ್ರಿಯ ವೇಳಾಪಟ್ಟಿ. ಬೆಳಗ್ಗೆ ಹತ್ತು ನಿಮಿಷಕ್ಕೊಂದು ಬರುವ ರೈಲು ರಾತ್ರಿ ಒಂಬತ್ತರ ನಂತರ ನಲವತ್ತು ನಿಮಿಷಕ್ಕೊಂದಾಗುತ್ತಿತ್ತು. ಮಗಳಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಕರೆ ಬಂದ ಮಧ್ಯಾಹ್ನ ರೈಲು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ, ಬಾಡಿಗೆ ಕಾರು ಹಿಡಿದು ಓಡಿದೆ. ಪಾಳಿಯಲ್ಲಿ ದುಡಿಯುವವರಿಗೆ, ಮಕ್ಕಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುವವರಿಗೆ ದಟ್ಟಣೆಯ ಹೊತ್ತಿಗಷ್ಟೇ ಓಡುವ ರೈಲು ಅರ್ಧ ಸೌಲಭ್ಯ ಮಾತ್ರ. ಹೊಸ ಮಾರ್ಗದ ಉದ್ಘಾಟನೆಗೆ ಮೊದಲು ಇರುವ ಮಾರ್ಗದಲ್ಲಿ ದಿನವಿಡೀ ರೈಲು ಓಡಿಸುವುದಕ್ಕೆ ಹಣ ಹೋಗಬೇಕು.

ರಸ್ತೆಗೂ ಹಣ ಬೇಕು. ಆಂಬುಲೆನ್ಸ್, ಸರಕಿನ ಲಾರಿ, ಬಸ್ಸು ಯಾವುದೂ ಹಳಿಯ ಮೇಲೆ ಹೋಗುವುದಿಲ್ಲ. ಗುಂಡಿ ಮುಚ್ಚುವುದು, ಚರಂಡಿ ಸರಿಪಡಿಸುವುದು, ಬಸ್ಸಿಗೆ ಪ್ರತ್ಯೇಕ ಲೇನ್ ಬಿಡುವುದು ಇವೆಲ್ಲ ಹೂಡಿಕೆಯೇ. ನಾನು ಬೇಡವೆನ್ನುವುದು ದಟ್ಟಣೆ ನೀಗಿಸುವ ಹೆಸರಿನಲ್ಲಿ ಮಾಡುವ ಅಗಲೀಕರಣವನ್ನು ಮತ್ತು ಮೇಲ್ಸೇತುವೆಗಳ ಸರಣಿಯನ್ನು.

ರೈಲಿನ ಮೂರನೆಯ ತಿಂಗಳಿನಲ್ಲಿ ನಮ್ಮ ನಿಲ್ದಾಣದ ಹಿಂಬದಿಯ ಗೋಡೆಯನ್ನು ಒಡೆದು ಒಂದು ಗೇಟು ಇಟ್ಟರು, ಅಲ್ಲಿಂದ ನಮ್ಮ ಬಡಾವಣೆಯ ಕಡೆಗೆ ದೀಪವಿರುವ ಒಂದು ಕಾಲುದಾರಿಯನ್ನೂ ಮಾಡಿದರು. ಅಲ್ಲಿಯವರೆಗೆ ಹಳಿಯನ್ನು ಸುತ್ತಿಹಾಕಿ ಹೋಗುತ್ತಿದ್ದ ನನಗೆ ಪ್ರತಿ ಬಾರಿ ಒಂಬತ್ತು ನಿಮಿಷ ಉಳಿಯಿತು. ಈಗಲೂ ಉಳಿಯುತ್ತಿದೆ.