ಹಳೆ ಪೆಟ್ ಸ್ಕ್ಯಾನರ್ ಬ್ಲಾಕಿನಲ್ಲಿ ಮ್ಯುಯಾನ್ ಬೇಟೆ

ಇಸಿಎಟಿ ಎಚ್‌ಆರ್ ಪ್ಲಸ್ ಪೆಟ್ ಸ್ಕ್ಯಾನರ್ (ದೇಹದಿಂದ ಬರುವ ಗಾಮಾ ಕಿರಣ ಹಿಡಿದು ಚಿತ್ರ ತೆಗೆಯುವ ಆಸ್ಪತ್ರೆ ಯಂತ್ರ) ಬಿಚ್ಚಿದರೆ ಸಿಗುವ ಬ್ಲಾಕ್ ಇದು: 30 ಮಿ.ಮೀ. ಆಳದ 64 ಬಿಜಿಒ ಹರಳು (ವಿಕಿರಣ ತಾಗಿದರೆ ಮಿನುಗುವಂಥದ್ದು), ಹಿಂದೆ ಆ ಮಿನುಗನ್ನು ವಿದ್ಯುತ್ ಸಿಗ್ನಲ್ ಮಾಡುವ ನಾಲ್ಕು ಫೋಟೊಮಲ್ಟಿಪ್ಲೈಯರ್ ಟ್ಯೂಬು. ಮ್ಯುಯಾನ್, ಅಂದರೆ ಕಾಸ್ಮಿಕ್ ಕಿರಣಗಳಿಂದ ಹುಟ್ಟಿ ಆಕಾಶದಿಂದ ಇಳಿಯುವ ಕಣ, ಹಿಡಿಯಲು ಗಟ್ಟಿ ಮಾಲು. ತೊಡಕಿರುವುದು ಅಳತೆಯಲ್ಲಿ. ಇದನ್ನು ಮಾಡಿದ್ದು 511 ಕೆಇವಿ ಗಾಮಾಗೆ (ಕೆಇವಿ ಶಕ್ತಿಯ ಅಳತೆ; ಸಾವಿರ ಕೆಇವಿಗೆ ಒಂದು ಎಂಇವಿ). ಹರಳಿನುದ್ದಕ್ಕೂ ನೆಟ್ಟಗೆ ಇಳಿಯುವ ಮ್ಯುಯಾನ್ ಸೆಂ.ಮೀ.ಗೆ ಸುಮಾರು 9 ಎಂಇವಿಯಂತೆ ಒಟ್ಟು 27 ಎಂಇವಿ ಸುರಿಯುತ್ತದೆ. ಮೂಲ ಆಂಪ್ಲಿಫೈಯರ್ ಹಾಗೇ ಬಿಟ್ಟರೆ ಸಿಗ್ನಲ್ಲಿನ ತಲೆ ಚಪ್ಪಟೆ. ಟ್ಯೂಬಿನ ವೋಲ್ಟೇಜ್ ಇಳಿಸಿ, ಎಣಿಕೆಗೆ ಬೇಕಾದ ಕನಿಷ್ಠ ಶಕ್ತಿಯ ಮಿತಿಯನ್ನು 10 ಎಂಇವಿಗೆ ಏರಿಸಿ. ಸುತ್ತಲಿನ ಸಹಜ ವಿಕಿರಣದಲ್ಲಿರುವ ಥೋರಿಯಂ ಸರಣಿಯ 2.6 ಎಂಇವಿ ಗಾಮಾ ಅಲ್ಲೇ ಉದುರುತ್ತದೆ. ಎರಡು ಬ್ಲಾಕ್ ಒಂದರ ಮೇಲೊಂದಿಟ್ಟು, ಎರಡರಲ್ಲೂ ಒಟ್ಟಿಗೆ ಬಂದದ್ದನ್ನಷ್ಟೇ ಎಣಿಸಿ. ಎಲ್‌ಎಸ್‌ಒ (ಲುಟೇಶಿಯಂ ಇರುವ ಇನ್ನೊಂದು ಹರಳು) ಬ್ಲಾಕ್ ಸಿಕ್ಕಿತೇ? ಲುಟೇಶಿಯಂನ ಸ್ವಂತ ವಿಕಿರಣದ ಗದ್ದಲಕ್ಕೆ ಹೆದರಬೇಡಿ, ಅದು ಈ ಮಿತಿಯ ಕೆಳಗೇ ಉಳಿಯುತ್ತದೆ. ಕಪ್ಪು ಟೇಪು ಮಾತ್ರ ಜಿಪುಣತನವಿಲ್ಲದೆ ಸುತ್ತಿ: ಬೆಳಕು ನುಸುಳಿದಾಗ ಹೈವೋಲ್ಟೇಜ್ ಕೊಟ್ಟರೆ ಟ್ಯೂಬು ಹೋದಂತೆಯೇ.