ಹ್ಯಾಸಪ್, ಐಎಸ್‌ಒ 22000, ಎಫ್‌ಎಸ್‌ಎಸ್‌ಸಿ: ನಮ್ಮ ಚಟ್ನಿಪುಡಿ ಯೂನಿಟ್‌ನಲ್ಲಿ ಮೂರನ್ನೂ ಮಾಡಿಸಿ ನೋಡಿದ್ದು

ಆಹಾರ ಮಾರಲು ಸರ್ಕಾರದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆಯಲ್ಲ, ಇನ್ನೇನು ಬೇಕು ಅಂತ ಸುಮಾರು ಜನ ಕೇಳುತ್ತಾರೆ. ಅದು ಕಾನೂನು. ಪ್ಯಾಕೆಟ್ ಮೇಲೆ ಆ 14 ಅಂಕಿಯ ನಂಬರ್ ಇಲ್ಲದೆ ಮಾರುವ ಹಾಗೇ ಇಲ್ಲ, ಹಾಗಾಗಿ ಅದನ್ನು ಹೋಲಿಕೆಗೆ ತರಲ್ಲ. ಸೂಪರ್‌ ಮಾರ್ಕೆಟ್‌ನವರು ಅದರ ಮೇಲೆ ಕೇಳುವ ಸರ್ಟಿಫಿಕೇಟ್‌ಗಳೇ ಬೇರೆ. ಪೀಣ್ಯದ ನಮ್ಮ ಸಣ್ಣ ಯೂನಿಟ್‌ನಲ್ಲಿ ಹ್ಯಾಸಪ್, ಐಎಸ್‌ಒ 22000, ಎಫ್‌ಎಸ್‌ಎಸ್‌ಸಿ ಅನ್ನುವ ಆಹಾರ ಸುರಕ್ಷತೆಯ ಸರ್ಟಿಫಿಕೇಟ್ ಮೂರನ್ನೂ ಒಂದಾದ ಮೇಲೊಂದು ಮಾಡಿಸಿದೆವು.

ನನ್ನನ್ನು ಕೇಳಿದರೆ, ಪುಡಿ ನಿಜವಾಗಿ ಸುಧಾರಿಸಿದ್ದು ಹ್ಯಾಸಪ್‌ನಿಂದ. ಅದರಲ್ಲಿ ಅಪಾಯ ಎಲ್ಲಿಂದ ಬರಬಹುದು ಅಂತ ಮೆಣಸಿನಕಾಯಿ ಮೂಟೆಯಿಂದ ಪ್ಯಾಕಿಂಗ್‌ವರೆಗೂ ಹುಡುಕಬೇಕು, ತಡೆಯುವ ಜಾಗ ಗುರುತಿಸಬೇಕು, ಮಿತಿ ಹಾಕಬೇಕು, ಬರೆದಿಡಬೇಕು. ನಮ್ಮಲ್ಲಿ ಮೊದಲು ಸಿಕ್ಕಿದ್ದು ಜರಡಿಯ ತಂತಿ. ಅದು ಸವೆದು ಪುಡಿಗೆ ಬೀಳಬಹುದು. ಈಗ ಮೆಟಲ್ ಡಿಟೆಕ್ಟರ್ ಇದೆ, ಅದರ ಮೂಲಕ ಗಂಟೆಗೊಮ್ಮೆ ಕಬ್ಬಿಣ, ಸ್ಟೀಲ್ ಮತ್ತು ಕಬ್ಬಿಣವಲ್ಲದ ಲೋಹದ ಟೆಸ್ಟ್ ತುಂಡು ಹಾಯಿಸುತ್ತೇವೆ, ಯಾವುದಾದರೂ ಒಂದನ್ನು ಹಿಡಿಯದಿದ್ದರೆ ಹಿಂದಿನ ಸರಿಯಾದ ಟೆಸ್ಟ್‌ನಿಂದ ಈಚೆಗೆ ಪ್ಯಾಕ್ ಆದದ್ದೆಲ್ಲ ಪಕ್ಕಕ್ಕೆ. ಇನ್ನೊಂದು ಕಡಲೆಬೀಜದ ಅಫ್ಲಾಟಾಕ್ಸಿನ್. ಬೂಷ್ಟು ಹಿಡಿದರೆ ಬರುವ ವಿಷ ಇದು, ಹುರಿದರೆ ಪೂರ್ತಿ ಹೋಗಲ್ಲ. ಹಾಗಾಗಿ ಬಾಣಲೆ ಹತ್ತಿರ ಏನೂ ಮಾಡಕ್ಕಾಗಲ್ಲ, ಕೊಳ್ಳುವಾಗಲೇ ಲ್ಯಾಬ್ ರಿಪೋರ್ಟ್ ಕೇಳಬೇಕು, ಕೆಟ್ಟ ಬೀಜ ಆರಿಸಿ ತೆಗೆಯಬೇಕು. ರಿಜಿಸ್ಟರ್ ಕನ್ನಡದಲ್ಲೇ ಇಟ್ಟೆವು. ಬರೆಯುವವರಿಗೆ ಅರ್ಥವಾದರೆ ಸಾಕು ಅಂದರು ಆಡಿಟರ್.

ಐಎಸ್‌ಒ 22000 ಅಂದರೆ ಹ್ಯಾಸಪ್ ಸುತ್ತ ಕಟ್ಟಿದ ಆಡಳಿತ: ಒಳಗಿನ ಆಡಿಟ್, ಮೀಟಿಂಗ್, ಸರಬರಾಜುದಾರರ ಪರಿಶೀಲನೆ, ಫೈಲೋ ಫೈಲು. ನಮ್ಮ ಕನ್ಸಲ್ಟೆಂಟ್ ಕೊಟ್ಟ ಫೈಲಿನಲ್ಲಿ ಹಾಲಿನ ಪಾಶ್ಚರೀಕರಣದ ಒಂದು ಅಧ್ಯಾಯ ಹಾಗೇ ಉಳಿದಿತ್ತು. ಚಟ್ನಿಪುಡಿಗೆ! ಒಂದು ಕೆಲಸ ಮಾತ್ರ ನನಗೆ ಇಷ್ಟವಾಯಿತು, ಅಣಕು ವಾಪಸಾತಿ. ಯಾವುದೋ ಒಂದು ಬ್ಯಾಚ್ ನಂಬರ್ ಹಿಡಿದು, ಆ ಮೆಣಸಿನಕಾಯಿ ಯಾವ ಮೂಟೆಯದು, ಆ ಪುಡಿ ಯಾವ ಯಾವ ಅಂಗಡಿಗೆ ಹೋಯಿತು ಅಂತ ಪತ್ತೆ ಮಾಡುವುದು. ಇಷ್ಟೆಲ್ಲ ಆದಮೇಲೆ ಒಂದು ದೊಡ್ಡ ಮಳಿಗೆಯ ಕ್ವಾಲಿಟಿಯವರು ಕೇಳಿದ್ದು, "ಜಿಎಫ್‌ಎಸ್‌ಐ ಮಾನ್ಯತೆ ಇರುವುದು ಇದೆಯಾ ಸರ್?" ಜಿಎಫ್‌ಎಸ್‌ಐ ಅಂದರೆ ಆಹಾರ ಸುರಕ್ಷತೆ ಸರ್ಟಿಫಿಕೇಟ್‌ಗಳನ್ನು ತೂಗಿ ನೋಡಿ ಮಾನ್ಯ ಮಾಡುವ ಅಂತರರಾಷ್ಟ್ರೀಯ ವೇದಿಕೆ. ಐಎಸ್‌ಒ 22000 ಒಂದಕ್ಕೇ ಆ ಮಾನ್ಯತೆ ಇಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡ ಸರ್ಟಿಫಿಕೇಟ್ ಅದು, ಹಣಕ್ಕೆ ತಕ್ಕ ಪ್ರಯೋಜನ ಕಡಿಮೆ.

ಎಫ್‌ಎಸ್‌ಎಸ್‌ಸಿ 22000ಕ್ಕೆ ಆ ಮಾನ್ಯತೆ ಇದೆ. ಐಎಸ್‌ಒ 22000 ಪೂರ್ತಿ ಅದರೊಳಗೇ ಇರುತ್ತದೆ, ಮೇಲೆ ನೆಲ, ಗೋಡೆ, ನೀರು, ಕೀಟ ನಿಯಂತ್ರಣದ ನಿಯಮಗಳು, ಮತ್ತೆ ಅಲರ್ಜಿ, ಕಲಬೆರಕೆ ತಡೆಯುವಂಥ ಹೆಚ್ಚುವರಿ ಷರತ್ತುಗಳು. ಕಾಗದ ಅಷ್ಟೇನೂ ಹೆಚ್ಚಲಿಲ್ಲ, ಶಾಪ್‌ಫ್ಲೋರ್‌ನಲ್ಲಿ ಮಾತ್ರ ಬಿಗಿಯಾಯಿತು. ಸಾಂಬಾರ್ ಪುಡಿ ಮೊದಲು, ಕಡಲೆಬೀಜ, ಎಳ್ಳು ಹಾಕಿದ್ದು ಕೊನೆಗೆ, ಆಮೇಲೆ ಯಂತ್ರ ಬಿಚ್ಚಿ ತೊಳೆಯಬೇಕು. ಬಳೆ, ಮುಡಿದ ಹೂವು, ಅಂಟಿಸುವ ಬಿಂದಿ ಒಳಗೆ ಬರುವಂತಿಲ್ಲ. ನಮ್ಮ ಹೆಂಗಸರು ಗಾಜಿನ ಬಳೆ ತೆಗೆಯಲು ಒಪ್ಪಲಿಲ್ಲ, ತಪ್ಪೂ ಅಲ್ಲ ಅಲ್ವಾ. ಅವರಿಗೆ ಪ್ಯಾಕಿಂಗ್ ಆದ ಮೇಲಿನ, ಡಬ್ಬ ಜೋಡಿಸುವ ಕೆಲಸ ಕೊಟ್ಟು ಸಮಾಧಾನವಾಯಿತು. ಮೂರು ವರ್ಷದ ಅವಧಿಯಲ್ಲಿ ಕನಿಷ್ಠ ಒಂದು ಆಡಿಟ್ ಹೇಳದೆ ಕೇಳದೆ ಬರುತ್ತದೆ, ಹಿಂದಿನ ರಾತ್ರಿ ತೊಳೆದು ಬಳಿದು ಪಾಸಾಗುವ ಆಟ ಅಲ್ಲಿ ನಡೆಯಲ್ಲ.

ಬಡಾವಣೆ ಅಂಗಡಿಗಳಿಗೆ ಕೊಡುವವರಾದರೆ ಹ್ಯಾಸಪ್ ಸಾಕು ಅನ್ನುತ್ತೇನೆ. ದೊಡ್ಡ ಮಳಿಗೆ ಗುರಿಯಾದರೆ ಐಎಸ್‌ಒ ಬಿಟ್ಟು ನೇರ ಎಫ್‌ಎಸ್‌ಎಸ್‌ಸಿಗೆ ಹೋಗಿ, ಆದರೆ ಕನ್ಸಲ್ಟೆಂಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಖರೀದಿದಾರರಿಂದ ಯಾವುದು ಬೇಕು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಆಡಿಟ್ ಇಲ್ಲದೆ ಐಎಸ್‌ಒ ಕೊಡುತ್ತೇವೆ ಅಂತ ವಾಟ್ಸಾಪ್‌ನಲ್ಲಿ ಬರುವವರಿಗೆ ಎನ್‌ಎಬಿಸಿಬಿ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೇ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅಂತ ಒಂದು ಸಲ ಕೇಳಿ ನೋಡಿ, ಆಮೇಲೆ ಫೋನ್ ಎತ್ತಲ್ಲ.